ವೆಲಾಸ್ಕೆಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು: ಸ್ಪೇನ್ ಅರಮನೆಯ ಚಿತ್ರಕಾರನ ಬದುಕು ಮತ್ತು ಕೆಲಸ

ಡಿಯೆಗೊ ವೆಲಾಸ್ಕೆಸ್ ನನಗೆ ತುಂಬ ಇಷ್ಟದ ಚಿತ್ರಕಾರ. ಅವನ ಮಾತು ಎತ್ತಿದಾಗಲೆಲ್ಲ, ಎದುರಿಗೆ ಕೂತವರಾಗಲಿ ಪತ್ರ ಬರೆದವರಾಗಲಿ, ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಮೊದಲಿನವು ಹೊಸಬರಿಗೆ. ಕೆಳಗೆ ಹೋದಂತೆ ಚಿತ್ರಗಳ ಒಳಗೇ ಇಳಿಯುತ್ತವೆ. ಬೇಕಾದ್ದನ್ನಷ್ಟೇ ಆರಿಸಿಕೊಂಡು ಓದಿದರೂ ನಡೆಯುತ್ತದೆ.

## ಮೊದಲ ಪರಿಚಯ

ಯಾರು ಈ ವೆಲಾಸ್ಕೆಸ್? ಹೆಸರು ಕೇಳಿದ್ದೀನಿ, ಅಷ್ಟೇ.

1599ರಲ್ಲಿ ಸ್ಪೇನಿನ ದಕ್ಷಿಣದ ಸೆವಿಲ್ ಊರಲ್ಲಿ ಹುಟ್ಟಿದವನು. 24ನೇ ವಯಸ್ಸಿಗೆ ದೊರೆ ನಾಲ್ಕನೇ ಫಿಲಿಪ್‌ನ ಚಿತ್ರಕಾರನಾಗಿ ಮ್ಯಾಡ್ರಿಡ್ ಅರಮನೆ ಸೇರಿದ. 1660ರಲ್ಲಿ ಸಾಯುವವರೆಗೂ ಅದೇ ದೊರೆಯ ಸೇವೆಯಲ್ಲಿದ್ದ. ಅಂದರೆ ಸುಮಾರು 37 ವರ್ಷ. ಅಷ್ಟು ವರ್ಷದಲ್ಲಿ ದೊರೆ, ರಾಣಿಯರು, ಮಕ್ಕಳು, ಮಂತ್ರಿ, ವಿದೂಷಕರು, ಬೇಟೆ ನಾಯಿಗಳು ಎಲ್ಲರನ್ನೂ ಬರೆದ. ಅವನ ದೊಡ್ಡತನ ನನಗೆ ಕಾಣುವುದು ಇಲ್ಲೇ: ಎದುರಿಗೆ ದೊರೆ ನಿಂತಿರಲಿ, ದೊರೆಯನ್ನು ನಗಿಸೋ ಕುಳ್ಳ ಕೂತಿರಲಿ, ಅವನು ನೋಡುವ ನೋಟ ಬದಲಾಗುವುದಿಲ್ಲ. ಮೇಲಿನವರನ್ನು ಉಬ್ಬಿಸುವುದಿಲ್ಲ, ಕೆಳಗಿನವರನ್ನು ಆಡಿಕೊಳ್ಳುವುದಿಲ್ಲ.

ಹೆಸರನ್ನ ಹೇಗೆ ಹೇಳೋದು? ವೆಲಾಸ್ಕ್ವೆಜ್ ಅಂತಾನಾ?

‘ಸ್ಕ್ವೆ’ ಬೇಡ, ‘ಸ್ಕೆ’ ಸಾಕು. ಸ್ಪ್ಯಾನಿಷ್‌ನಲ್ಲಿ ಮೊದಲ ಅಕ್ಷರ ‘ಬ’ಗೆ ಹತ್ತಿರ, ಹಾಗಾಗಿ ಅವನ ಸ್ವಂತ ಊರು ಸೆವಿಲ್‌ನವರು ‘ಬೆಲಾಸ್ಕೆಸ್’ ಅಂದಂತೆ ಕೇಳಿಸುತ್ತದೆ. ನಾವು ವೆಲಾಸ್ಕೆಸ್ ಅಂದರೆ ತಪ್ಪೇನಿಲ್ಲ. ಪೂರ್ತಿ ಹೆಸರು ಡಿಯೆಗೊ ರೊಡ್ರಿಗೆಸ್ ದೆ ಸಿಲ್ವಾ ಇ ವೆಲಾಸ್ಕೆಸ್. ಇದರಲ್ಲಿ ‘ವೆಲಾಸ್ಕೆಸ್’ ಅಮ್ಮನ ಕಡೆಯ ಹೆಸರು. ಅಪ್ಪನ ಕಡೆಯವರು ಪೋರ್ಚುಗಲ್‌ನಿಂದ ಬಂದವರು. ಅಮ್ಮನ ಹೆಸರನ್ನೇ ಮುಂದೆ ಮಾಡಿಕೊಳ್ಳುವುದು ಆ ಸೀಮೆಯಲ್ಲಿ ಇದ್ದ ಪದ್ಧತಿ.

ಅಜ್ಜಿ ಮೊಟ್ಟೆ ಬೇಯಿಸ್ತಿರೋ ಚಿತ್ರ ಇವನದ್ದೇನಾ? ರಾಜರ ಚಿತ್ರಕಾರ ಅಡುಗೆಮನೆಗೆ ಯಾಕೆ ಹೋದ?

ಇವನದ್ದೇ. 1618ರದ್ದು, ಅವನಿಗೆ ಆಗ 19ರ ಆಸುಪಾಸು, ಅರಮನೆ ಇನ್ನೂ ದೂರ. ಈಗ ಎಡಿನ್‌ಬರೊದಲ್ಲಿದೆ. ಒಮ್ಮೆ ನಿಧಾನವಾಗಿ ನೋಡಿ. ಇದ್ದಿಲ ಒಲೆಯ ಮೇಲೆ ಮಣ್ಣಿನ ಪಾತ್ರೆ, ಅದರೊಳಗೆ ಎಣ್ಣೆಯಲ್ಲಿ ಎರಡು ಮೊಟ್ಟೆ. ಬಿಳಿ ಭಾಗ ಅಂಚಿನಿಂದ ಗಟ್ಟಿಯಾಗುತ್ತಾ ಬರುತ್ತಿದೆ, ನಡುವೆ ಇನ್ನೂ ನೀರುನೀರು. ಆ ಒಂದು ಗಳಿಗೆಯನ್ನು ಹಿಡಿದಿದ್ದಾನೆ. ಪಕ್ಕದಲ್ಲಿ ಒಂದು ಬಟ್ಟಲಿನ ಮೇಲೆ ಅಡ್ಡವಾಗಿ ಚಾಕು ಇಟ್ಟಿದ್ದಾರೆ, ಚಾಕುವಿನ ನೆರಳು ಬಟ್ಟಲಿನ ಒಳಗಿನ ಗುಂಡಿಗೆ ತಕ್ಕ ಹಾಗೆ ಬಾಗಿದೆ. ಹಿತ್ತಾಳೆ ಕುಟ್ಟಾಣಿ ಹೊಳೆಯುತ್ತಿದೆ, ಈರುಳ್ಳಿಯ ಸಿಪ್ಪೆ ತೆಳ್ಳಗೆ ಮಿನುಗುತ್ತಿದೆ.

ಅವನ ಕಾಲದ ಸೆವಿಲ್‌ನಲ್ಲಿ ಇಂಥ ಅಡುಗೆಮನೆ, ಹೋಟೆಲಿನ ಚಿತ್ರಗಳನ್ನು ‘ಬೊದೆಗೊನ್’ ಅನ್ನುತ್ತಿದ್ದರು. ಕೀಳು ವಸ್ತು ಅಂತ ಮೂಗು ಮುರಿಯುವವರೂ ಇದ್ದರು. ಇವನು ಕಣ್ಣು ಪಳಗಿಸಿಕೊಂಡದ್ದೇ ಅಲ್ಲಿ. ಹಳ್ಳಿಯ ಹುಡುಗನೊಬ್ಬನನ್ನು ಹತ್ತಿರ ಇಟ್ಟುಕೊಂಡು, ಅವನು ಅಳುವಾಗ, ನಗುವಾಗ ಮುಖ ಹೇಗಾಗುತ್ತದೆ ಅಂತ ಬರೆದು ಬರೆದು ಕಲಿತ ಅಂತ ಅವನ ಗುರು ಪಾಚೆಕೊ ದಾಖಲಿಸಿದ್ದಾನೆ. ಅದೇ ಕಾಲದ ಇನ್ನೊಂದು ಚಿತ್ರ, ನೀರು ಮಾರುವವನದ್ದು, ಲಂಡನ್‌ನಲ್ಲಿದೆ. ಅದರಲ್ಲಿ ಗಾಜಿನ ಲೋಟದ ನೀರೊಳಗೆ ಒಂದು ಅಂಜೂರ ಇದೆ, ನೀರಿಗೆ ಒಳ್ಳೆ ರುಚಿ ಬರಲಿ ಅಂತ. ನಮ್ಮಲ್ಲಿ ಬೇಸಿಗೆಯಲ್ಲಿ ಲಾವಂಚದ ಬೇರು ಹಾಕಿ ಇಡುತ್ತಾರಲ್ವಾ, ಹಾಗೆ. ದೊಡ್ಡ ಹೂಜಿಯ ಹೊಟ್ಟೆಯ ಮೇಲೆ ಜಿನುಗಿ ಇಳಿದ ನೀರ ಹನಿಗಳನ್ನು ನೋಡಿದರೆ ಬಾಯಾರಿಕೆ ಆಗುತ್ತದೆ.

ಅಷ್ಟು ಚಿಕ್ಕ ವಯಸ್ಸಿಗೆ ಅರಮನೆ ಹೇಗೆ ಸೇರಿದ? ಯಾರದಾದ್ರೂ ಶಿಫಾರಸು ಇತ್ತಾ?

ಇತ್ತು. ಗುರು ಫ್ರಾನ್ಸಿಸ್ಕೊ ಪಾಚೆಕೊ ಸೆವಿಲ್‌ನಲ್ಲಿ ನಾಲ್ಕು ಜನ ಬಲ್ಲವನು, ಓದಿದವನು. 1617ರಲ್ಲಿ ಶಿಷ್ಯ ಕುಶಲಕರ್ಮಿಗಳ ಸಂಘದ ಪರೀಕ್ಷೆ ಪಾಸಾದ, ಮಾರನೇ ವರ್ಷವೇ ಗುರು ತನ್ನ ಮಗಳು ಹುವಾನಾಳನ್ನು ಅವನಿಗೆ ಕೊಟ್ಟು ಮದುವೆ ಮಾಡಿದ. ಮಾವನ ಪರಿಚಯಗಳು ಮುಂದೆ ಕೆಲಸಕ್ಕೆ ಬಂದವು. 1621ರಲ್ಲಿ ಇನ್ನೂ 16 ತುಂಬದ ಫಿಲಿಪ್ ಪಟ್ಟಕ್ಕೆ ಬಂದಾಗ ಆಡಳಿತವೆಲ್ಲ ಕೈಗೆ ಬಂದದ್ದು ಮಂತ್ರಿ ಒಲಿವಾರೆಸ್‌ಗೆ. ಅವನ ಮನೆತನದ ಬೇರು ಸೆವಿಲ್ ಸೀಮೆಯಲ್ಲಿ, ತನ್ನ ಕಡೆಯವರನ್ನು ಹತ್ತಿರ ಇಟ್ಟುಕೊಳ್ಳುತ್ತಿದ್ದ.

1622ರಲ್ಲಿ ಮೊದಲ ಸಲ ಮ್ಯಾಡ್ರಿಡ್‌ಗೆ ಹೋದಾಗ ಕವಿ ಗೊಂಗೊರಾನ ಭಾವಚಿತ್ರ ಬರೆದು ಬಂದ, ದೊರೆಯ ಭೇಟಿ ಆಗಲಿಲ್ಲ. 1623ರಲ್ಲಿ ಮತ್ತೆ ಕರೆ ಬಂತು. ಆಗಸ್ಟ್ ಕೊನೆಯಲ್ಲಿ ದೊರೆಯ ಭಾವಚಿತ್ರ ಮುಗಿಯಿತು, ಅಕ್ಟೋಬರ್ 6ಕ್ಕೆ ನೇಮಕವೂ ಆಯಿತು. ತಿಂಗಳಿಗೆ 20 ಡುಕಾಟ್ ಸಂಬಳ. ಶಿಫಾರಸು ಬಾಗಿಲು ತೆಗೆಸಿತು ನಿಜ, ಆದರೆ 37 ವರ್ಷ ಒಳಗೆ ಉಳಿಸಿದ್ದು ಕೈಕೆಲಸ.

ಆಸ್ಥಾನ ಚಿತ್ರಕಾರ ಅಂದ್ರೆ ದಿನಾ ರಾಜನ ಚಿತ್ರ ಬರೀತಾ ಕೂರೋದಾ?

ಹಾಗಿದ್ದಿದ್ದರೆ ನಮಗೆ ಇನ್ನೂ ಎಷ್ಟೋ ಚಿತ್ರ ಸಿಗುತ್ತಿದ್ದವು. ಸ್ಪೇನ್ ಅರಮನೆಯಲ್ಲಿ ಚಿತ್ರಕಾರನೂ ಒಬ್ಬ ನೌಕರ. ಒಂದು ಹಂತದಲ್ಲಿ ಅವನಿಗೆ ಗೊತ್ತು ಮಾಡಿದ ದಿನದ ಭತ್ಯೆ 12 ರಿಯಾಲ್, ಅರಮನೆಯ ಕ್ಷೌರಿಕರಿಗೂ ಅಷ್ಟೇ ಇತ್ತು. ಮೇಲೇರಬೇಕಾದರೆ ಅರಮನೆಯ ಹುದ್ದೆಗಳ ಮೆಟ್ಟಿಲನ್ನೇ ಹತ್ತಬೇಕು. ಅವನು ಹತ್ತಿದ. 1627ರಲ್ಲಿ ದೊರೆಯ ಕೋಣೆಯ ದ್ವಾರದ ಅಧಿಕಾರಿ, ಆಮೇಲೆ ಉಡುಪಿನ ಕೋಣೆಯ ಸಹಾಯಕ, ಕೊನೆಗೆ 1652ರಲ್ಲಿ ‘ಅಪೊಸೆಂತಾದೋರ್ ಮಯೋರ್’, ಅಂದರೆ ಇಡೀ ಅರಮನೆಯ ವಸತಿ ಮೇಲ್ವಿಚಾರಕ. ಕೋಣೆಗಳ ಕೀಲಿ, ಪೀಠೋಪಕರಣ, ಚೊಕ್ಕಟ, ಚಳಿಗಾಲದ ಸೌದೆ, ದೊರೆ ಪ್ರಯಾಣ ಹೊರಟರೆ ದಾರಿಯಲ್ಲಿ ಉಳಿದುಕೊಳ್ಳುವ ಏರ್ಪಾಡು, ಎಲ್ಲ ಅವನ ತಲೆ ಮೇಲೆ. ಅವನ ಅತ್ಯಂತ ದೊಡ್ಡ ಚಿತ್ರಗಳು ಬಂದದ್ದು ಈ ದುಡಿಮೆಯ ನಡುವೆ ಸಿಕ್ಕ ಹೊತ್ತಿನಲ್ಲಿ ಅನ್ನುವುದು ನನಗೆ ಇವತ್ತಿಗೂ ಅಚ್ಚರಿ.

ಆ ರಾಜನಿಗೂ ನಮ್ಮ ಕಡೆಗೂ ಏನಾದ್ರೂ ನಂಟಿತ್ತಾ?

ನೇರವಾಗಿಯೇ ಇತ್ತು. 1580ರಿಂದ 1640ರವರೆಗೆ ಪೋರ್ಚುಗಲ್ ಸ್ಪೇನ್ ದೊರೆಗಳ ಕೈಯಲ್ಲಿತ್ತು. ಹಾಗಾಗಿ ಗೋವಾದ ವೈಸ್‌ರಾಯ್, ನಮ್ಮ ಹೊನ್ನಾವರ, ಬಸ್ರೂರು, ಮಂಗಳೂರಿನ ಪೋರ್ಚುಗೀಸ್ ಕೋಟೆಗಳು ಎಲ್ಲವೂ ಮ್ಯಾಡ್ರಿಡ್‌ನಲ್ಲಿ ಕೂತ ಇದೇ ಫಿಲಿಪ್‌ನ ಹೆಸರಲ್ಲಿ ನಡೆಯುತ್ತಿದ್ದವು. ವೆಲಾಸ್ಕೆಸ್ ಅರಮನೆ ಸೇರಿದ ಆ 1623ರಲ್ಲೇ, ಗೋವಾದಿಂದ ಒಬ್ಬ ಪೋರ್ಚುಗೀಸ್ ರಾಯಭಾರಿ ಘಟ್ಟ ಹತ್ತಿ ಇಕ್ಕೇರಿಗೆ, ಕೆಳದಿಯ ವೆಂಕಟಪ್ಪ ನಾಯಕನ ಹತ್ತಿರ ಬಂದ. ಜೊತೆಗೆ ಬಂದ ರೋಮ್‌ನ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆ ಇಕ್ಕೇರಿಯ ಬೀದಿಗಳನ್ನು, ಆಮೇಲೆ ಉಳ್ಳಾಲದ ರಾಣಿಯನ್ನು ಕಂಡದ್ದನ್ನು ಬರೆದಿಟ್ಟಿದ್ದಾನೆ. ಫಿಲಿಪ್‌ನ ಉದ್ದ ಗದ್ದದ ಮುಖ ನೋಡುವಾಗ ನನಗೆ ಇದು ನೆನಪಾಗುತ್ತದೆ.

## ಬೆಳೆದ ಕಾಲ, ಇಟಲಿ, ದೊಡ್ಡ ಚಿತ್ರಗಳು

ಕೆಲಸ ಸಿಕ್ಕ ಮೇಲೂ ಇಟಲಿಗೆ ಯಾಕೆ ಹೋದ?

1628ರಲ್ಲಿ ರೂಬೆನ್ಸ್ ರಾಜತಾಂತ್ರಿಕ ಕೆಲಸದ ಮೇಲೆ ಮ್ಯಾಡ್ರಿಡ್‌ಗೆ ಬಂದು ತಿಂಗಳುಗಟ್ಟಲೆ ಇದ್ದ. ಯುರೋಪಿನಲ್ಲೇ ಹೆಸರಾದ ಚಿತ್ರಕಾರ, 50 ದಾಟಿದವನು, ಅರಮನೆಯಲ್ಲಿದ್ದ, ಹಿಂದಿನ ಶತಮಾನದ ವೆನಿಸ್ ಚಿತ್ರಕಾರ ಟಿಷಿಯನ್‌ನ ಚಿತ್ರಗಳ ಮುಂದೆ ಕೂತು ವಿದ್ಯಾರ್ಥಿಯ ಹಾಗೆ ನಕಲು ಮಾಡುತ್ತಿದ್ದ. ಇದನ್ನು ದಿನಾ ನೋಡಿದ 29 ವರ್ಷದ ವೆಲಾಸ್ಕೆಸ್‌ಗೆ ಇಟಲಿ ನೋಡದೆ ಇರಲು ಆಗಿರಲಿಕ್ಕಿಲ್ಲ. 1629ರ ಆಗಸ್ಟ್‌ನಲ್ಲಿ ಬಾರ್ಸಿಲೋನಾದಿಂದ ಹಡಗು ಹತ್ತಿದ. ವೆನಿಸ್, ರೋಮ್, ನೇಪಲ್ಸ್ ಸುತ್ತಿ 1631ರ ಶುರುವಿನಲ್ಲಿ ವಾಪಸ್ ಬಂದ. ಹೋಗುವ ಮೊದಲಿನ ಚಿತ್ರಗಳಲ್ಲಿ ಜನ ಗೋಡೆಗೆ ಒತ್ತಿಕೊಂಡಂತೆ ಇರುತ್ತಾರೆ, ಕಂದು ಕತ್ತಲೆ ಜಾಸ್ತಿ. ಬಂದ ಮೇಲೆ ಅವರ ಸುತ್ತ ಗಾಳಿ ಆಡುತ್ತದೆ.

‘ಬ್ರೆಡಾದ ಶರಣಾಗತಿ’ಯಲ್ಲಿ ಅಂಥದ್ದೇನಿದೆ? ಯುದ್ಧದ ಚಿತ್ರ ಎಲ್ಲಾ ಒಂದೇ ಥರ ಅಲ್ವಾ?

ಇದು ಒಂದೇ ಥರ ಇಲ್ಲ. 1625ರಲ್ಲಿ ಡಚ್ಚರ ಬ್ರೆಡಾ ಕೋಟೆ ಸ್ಪೇನ್ ಸೇನಾಪತಿ ಸ್ಪಿನೋಲಾನ ಕೈಗೆ ಬಂತು. ಹತ್ತು ವರ್ಷದ ಮೇಲೆ, ಮ್ಯಾಡ್ರಿಡ್‌ನ ಹೊಸ ಬುಎನ್ ರೆತಿರೊ ಅರಮನೆಯ ದೊಡ್ಡ ಹಜಾರಕ್ಕೆ ವೆಲಾಸ್ಕೆಸ್ ಅದನ್ನು ಬರೆದ. ಸೋತವನು ಬಾಗಿ ಕೋಟೆಯ ಕೀಲಿ ಚಾಚಿದ್ದಾನೆ. ಗೆದ್ದವನು ಕುದುರೆ ಮೇಲೆ ಕೂತು ಕೈ ನೀಡಬಹುದಿತ್ತು, ಆದರೆ ಇಳಿದು ಬಂದಿದ್ದಾನೆ, ಟೋಪಿ ತೆಗೆದಿದ್ದಾನೆ, ಸೋತವನ ಭುಜದ ಮೇಲೆ ಕೈ ಇಟ್ಟಿದ್ದಾನೆ. ‘ಇರಲಿ, ಬಾಗಬೇಡ’ ಅಂದ ಹಾಗಿದೆ.

1629ರ ಹಡಗಿನಲ್ಲಿ ವೆಲಾಸ್ಕೆಸ್ ಜೊತೆ ಇಟಲಿಗೆ ಹೋದವನು ಇದೇ ಸ್ಪಿನೋಲಾ. ಮಾರನೇ ವರ್ಷ ತೀರಿಕೊಂಡ. ಹತ್ತಿರದಿಂದ ಕಂಡ ಮನುಷ್ಯನನ್ನು ನೆನಪಿನಿಂದ ತಂದು ನಿಲ್ಲಿಸಿದ್ದಾನೆ, ಆ ಮುಖದ ಸೌಮ್ಯ ಅಲ್ಲಿಂದ ಬಂದದ್ದು ಅಂತ ನನ್ನ ನಂಬಿಕೆ. ಕೆಳಗೆ ಬಲ ಮೂಲೆಯಲ್ಲಿ ಒಂದು ಖಾಲಿ ಕಾಗದ ಬಿದ್ದಿದೆ, ಸಾಮಾನ್ಯವಾಗಿ ಚಿತ್ರಕಾರ ಸಹಿ ಮಾಡುವ ಜಾಗ. ಸಹಿ ಮಾಡಿಲ್ಲ. ಅಂದ ಹಾಗೆ, 1637ರಲ್ಲಿ ಡಚ್ಚರು ಬ್ರೆಡಾ ಮತ್ತೆ ಹಿಡಿದರು. ಉಳಿದದ್ದು ಚಿತ್ರ.

ಕುಳ್ಳರನ್ನ, ವಿದೂಷಕರನ್ನ ಬರೆದದ್ದು ತಮಾಷೆಗೋಸ್ಕರ ಅಲ್ವಾ? ನೋಡೋಕೆ ಒಂಥರಾ ಕಸಿವಿಸಿ ಆಗುತ್ತೆ.

ಕಸಿವಿಸಿ ಆಗಬೇಕಾದ್ದೇ. ಅಂಗವೈಕಲ್ಯ ಇದ್ದವರನ್ನು, ಕುಬ್ಜರನ್ನು ಅರಮನೆಯಲ್ಲಿ ನಗಿಸಲಿಕ್ಕೆ ಇಟ್ಟುಕೊಳ್ಳುತ್ತಿದ್ದದ್ದು ನಿಜ. ಒಬ್ಬರಿಂದ ಇನ್ನೊಬ್ಬರ ಮನೆಗೆ ಕಳಿಸುತ್ತಲೂ ಇದ್ದರು. ವೆಲಾಸ್ಕೆಸ್ ಆ ವ್ಯವಸ್ಥೆಯೊಳಗಿನ ನೌಕರ, ಅದನ್ನು ಬದಲಿಸಿದವನಲ್ಲ. ಆದರೆ ಸೆಬಾಸ್ತಿಯಾನ್ ದೆ ಮೋರಾನ ಚಿತ್ರದ ಮುಂದೆ ನಿಂತು ನೋಡಿ. ನೆಲದ ಮೇಲೆ ಕಾಲು ಚಾಚಿ ಕೂತಿದ್ದಾನೆ, ಚಪ್ಪಲಿಯ ಅಟ್ಟೆ ನಮ್ಮ ಕಡೆಗಿದೆ. ಮುಷ್ಟಿ ಬಿಗಿದಿದ್ದಾನೆ. ಬರೆದವನು ಅವನ ಕಣ್ಣಿನ ಎತ್ತರಕ್ಕೇ ಇಳಿದಿದ್ದಾನೆ, ಮೇಲಿನಿಂದ ನೋಡಿಲ್ಲ. ಆ ಕಣ್ಣು ನೇರ ನಮ್ಮನ್ನೇ ನೋಡುತ್ತದೆ, ಸಿಟ್ಟೂ ಇದೆ, ದಣಿವೂ ಇದೆ. ನಗಲು ಬಾಯಿ ಬರುವುದಿಲ್ಲ. ದೊರೆಗಳ ಭಾವಚಿತ್ರಕ್ಕಿಂತ ಈ ಚಿತ್ರಗಳಲ್ಲೇ ಅವನ ಮನಸ್ಸು ಜಾಸ್ತಿ ತೆರೆದುಕೊಂಡಿದೆ ಅಂತ ನನಗನ್ನಿಸುತ್ತದೆ.

ವೆಲಾಸ್ಕೆಸ್ ಹತ್ತಿರ ಒಬ್ಬ ಗುಲಾಮ ಇದ್ದನಂತೆ, ನಿಜಾನಾ?

ನಿಜ. ಇದನ್ನು ಮುಚ್ಚಿಟ್ಟು ಅವನನ್ನು ಹೊಗಳುವುದು ಸರಿಯಲ್ಲ. ಹುವಾನ್ ದೆ ಪಾರೇಹಾ ಅವನ ಮನೆಯ ಗುಲಾಮ, ಬಣ್ಣ ಅರೆಯುವುದು, ಕ್ಯಾನ್ವಾಸ್ ಸಿದ್ಧ ಮಾಡುವುದು ಮುಂತಾದ ಕೆಲಸ ಮಾಡುತ್ತಿದ್ದ. ಆಗಿನ ಸೆವಿಲ್‌ನಲ್ಲಿ ಕುಶಲಕರ್ಮಿಗಳ ಮನೆಗಳಲ್ಲಿ ಗುಲಾಮರು ಇರುವುದು ಸಾಮಾನ್ಯವಾಗಿತ್ತು. 1649ರಲ್ಲಿ ಎರಡನೇ ಸಲ ಇಟಲಿಗೆ ಹೋದಾಗ ಪಾರೇಹಾನೂ ಜೊತೆಗಿದ್ದ. ರೋಮ್‌ನಲ್ಲಿ ವೆಲಾಸ್ಕೆಸ್ ಅವನ ಭಾವಚಿತ್ರ ಬರೆದ, 1650ರ ಮಾರ್ಚ್ 19ರಂದು ಪ್ಯಾಂಥಿಯನ್‌ನಲ್ಲಿ ಪ್ರದರ್ಶನಕ್ಕೆ ಇಟ್ಟರು. ಬೂದು ಬಣ್ಣದ ಹಿನ್ನೆಲೆ, ಬಿಳಿ ಲೇಸಿನ ಅಗಲ ಕಾಲರು, ಎದೆಯ ಮೇಲೆ ಅಡ್ಡ ಬಂದ ಕೈ, ಎತ್ತಿದ ತಲೆ. ಹೆಸರು ಗೊತ್ತಿಲ್ಲದವರು ಯಾರೋ ದೊಡ್ಡ ಮನೆತನದವನು ಅಂದುಕೊಳ್ಳಬೇಕು.

ಅದೇ ವರ್ಷ ನವೆಂಬರ್ 23ಕ್ಕೆ ರೋಮ್‌ನಲ್ಲೇ ಬಿಡುಗಡೆಯ ಪತ್ರ ಆಯಿತು, ಆದರೆ ಇನ್ನೂ ನಾಲ್ಕು ವರ್ಷ ಸೇವೆ ಮಾಡಬೇಕು ಅನ್ನುವ ಷರತ್ತಿನ ಮೇಲೆ. ಆಮೇಲೆ ಪಾರೇಹಾ ತಾನೇ ಚಿತ್ರಕಾರನಾದ. ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿ ಅವನ 1661ರ ದೊಡ್ಡ ಚಿತ್ರ ಇದೆ. ಅದರ ಎಡತುದಿಯಲ್ಲಿ ತನ್ನನ್ನೇ ಬರೆದುಕೊಂಡಿದ್ದಾನೆ, ಕೈಯಲ್ಲಿರುವ ಚೀಟಿಯಲ್ಲಿ ಅವನದೇ ಸಹಿ. ವೆಲಾಸ್ಕೆಸ್ ಬರೆದ ಅವನ ಭಾವಚಿತ್ರ 1971ರಿಂದ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಸಾಧ್ಯವಾದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಪೋಪ್ ತನ್ನ ಚಿತ್ರ ನೋಡಿ ಸಿಟ್ಟಾದನಾ?

ಹತ್ತನೇ ಇನೊಸೆಂಟ್ ತನ್ನ ಭಾವಚಿತ್ರ ನೋಡಿ ‘ತೀರಾ ನಿಜವಾಯಿತು’ ಅಂದ ಅನ್ನುವುದು ಬಾಯಿಂದ ಬಾಯಿಗೆ ಬಂದ ಕಥೆ. ಚಿತ್ರ ನೋಡಿದರೆ ಕಥೆ ಹುಟ್ಟಿದ್ದು ಯಾಕೆ ಅಂತ ಅರ್ಥವಾಗುತ್ತದೆ. 75ರ ಆಸುಪಾಸಿನ ಮುದುಕ, ಕೆಂಪು ಪರದೆಯ ಮುಂದೆ ಕೆಂಪು ಕುರ್ಚಿ, ಕೆಂಪು ಟೋಪಿ, ಕೆಂಪು ಮೇಲಂಗಿ. ಆ ಕೆಂಪಿನ ನಡುವೆ ಬೆವರಿದ ಮುಖ, ಯಾರನ್ನೂ ನಂಬದ ಕಣ್ಣು. ಸಿಟ್ಟಾಗಲಿಲ್ಲ, ಉಡುಗೊರೆಯಾಗಿ ಚಿನ್ನದ ಪದಕ ಕೊಟ್ಟ. ಚಿತ್ರ ರೋಮ್‌ನ ದೋರಿಯಾ ಪಂಫಿಲಿ ಗ್ಯಾಲರಿಯಲ್ಲಿದೆ.

ಕನ್ನಡಿ ನೋಡೋ ವೀನಸ್‌ನ ಯಾರೋ ಕತ್ತರಿಸಿದ್ರಂತೆ?

ಹೌದು, 1914ರ ಮಾರ್ಚ್ 10ರಂದು, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ. ಮೇರಿ ರಿಚರ್ಡ್‌ಸನ್ ಅನ್ನುವ ಹೋರಾಟಗಾರ್ತಿ ಮಾಂಸ ಕಡಿಯುವ ಕತ್ತಿಯಿಂದ ಚಿತ್ರದ ವೀನಸ್‌ನ ಬೆನ್ನ ಮೇಲೆ ಹೊಡೆದಳು. ಮಹಿಳೆಯರ ಮತದಾನದ ಹಕ್ಕಿಗೆ ಹೋರಾಡುತ್ತಿದ್ದ ಎಮೆಲಿನ್ ಪ್ಯಾಂಕ್‌ಹರ್ಸ್ಟ್‌ಳ ಬಂಧನದ ವಿರುದ್ಧದ ಪ್ರತಿಭಟನೆ ಅದು. ಚಿತ್ರವನ್ನು ಸರಿಪಡಿಸಿದ್ದಾರೆ. ಅವನ ಬೆತ್ತಲೆ ಹೆಣ್ಣಿನ ಚಿತ್ರಗಳಲ್ಲಿ ಉಳಿದದ್ದು ಇದೊಂದೇ. ಕನ್ನಡಿಯೊಳಗಿನ ಮುಖ ಬೇಕೆಂದೇ ಮಬ್ಬಾಗಿದೆ, ಯಾರ ಗುರುತೂ ಹತ್ತುವುದಿಲ್ಲ.

## ‘ಲಾಸ್ ಮೆನಿನಾಸ್’

ಇದರಲ್ಲಿ ಯಾರ್ಯಾರು ಇದ್ದಾರೆ, ಒಂದ್ಸಲ ಬಿಡಿಸಿ ಹೇಳ್ತೀರಾ?

1656ರ ಚಿತ್ರ, 318 ಸೆಂಟಿಮೀಟರ್ ಎತ್ತರ, 276 ಅಗಲ. ನಡುವೆ ನಿಂತ ಐದು ವರ್ಷದ ಹುಡುಗಿ ರಾಜಕುಮಾರಿ ಮಾರ್ಗರಿತಾ. ಅವಳ ಎಡಬಲದ ಇಬ್ಬರು ಹುಡುಗಿಯರೇ ಮೆನಿನಾಗಳು, ಅಂದರೆ ರಾಜಕುಮಾರಿಯ ಜೊತೆಗಾತಿಯರು. ಪೋರ್ಚುಗೀಸ್‌ನಿಂದ ಬಂದ ಮಾತು. ಮಂಡಿಯೂರಿ ತಟ್ಟೆಯಲ್ಲಿ ಕೆಂಪು ಕುಡಿಕೆ ಕೊಡುತ್ತಿರುವವಳು ಮರಿಯಾ ಅಗುಸ್ತಿನಾ, ಬಾಗಿ ನಿಂತವಳು ಇಸಬೆಲ್. ಬಲಗಡೆ ಅರಮನೆಯ ಕುಬ್ಜರಿಬ್ಬರು: ಮಾರಿಬಾರ್ಬೊಲಾ, ಅವಳ ಪಕ್ಕ ಮಲಗಿದ ನಾಯಿಗೆ ಕಾಲಿನಿಂದ ತಿವಿಯುತ್ತಿರುವ ನಿಕೊಲಾಸಿತೊ. ಅವರ ಹಿಂದೆ ನೆರಳಲ್ಲಿ ಒಬ್ಬಳು ಮೇಲ್ವಿಚಾರಕಿ, ಒಬ್ಬ ಕಾವಲಿನವನು. ತೀರಾ ಹಿಂದೆ, ತೆರೆದ ಬಾಗಿಲ ಮೆಟ್ಟಿಲ ಮೇಲೆ ರಾಣಿಯ ಕಡೆಯ ಅಧಿಕಾರಿ ಹೊಸೆ ನಿಯೆತೊ. ಎಡಗಡೆ ದೊಡ್ಡ ಕ್ಯಾನ್ವಾಸಿನ ಮುಂದೆ ಬ್ರಷ್ ಹಿಡಿದು ನಿಂತವನು ವೆಲಾಸ್ಕೆಸ್. ಹಿಂಗೋಡೆಯ ಕನ್ನಡಿಯಲ್ಲಿ ದೊರೆ ಮತ್ತು ರಾಣಿ. ನಾಯಿ ಬಿಟ್ಟರೆ ಒಟ್ಟು 11 ಜನ.

ಆ ಕೋಣೆ ಮುಂಚೆ ಯುವರಾಜ ಬಲ್ತಸಾರ್ ಕಾರ್ಲೊಸ್‌ನ ಭಾಗದ್ದು. ಅವನು 1646ರಲ್ಲಿ, 16 ವರ್ಷದವನು, ತೀರಿಕೊಂಡಿದ್ದ. ಆ ಕೆಂಪು ಕುಡಿಕೆಯ ಬಗ್ಗೆಯೂ ಒಂದು ಮಾತು. ಅದನ್ನು ಬೂಕಾರೊ ಅನ್ನುತ್ತಾರೆ. ಘಮ ಬರುವ ಮಣ್ಣಿನದ್ದು, ಒಳಗಿನ ನೀರು ತಂಪಾಗಿ, ಮಣ್ಣಿನ ವಾಸನೆ ಹಿಡಿದು ರುಚಿಯಾಗುತ್ತಿತ್ತು. ಅರಮನೆಯ ಹೆಂಗಸರಲ್ಲಿ ಕೆಲವರು ಆ ಮಣ್ಣನ್ನೇ ಕಡಿದು ತಿನ್ನುತ್ತಿದ್ದರು. ಹೊಸ ಮಡಕೆಯ ನೀರು ಕುಡಿದು ಬೆಳೆದ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಹಾಗಾದ್ರೆ ಅವನು ಆ ದೊಡ್ಡ ಕ್ಯಾನ್ವಾಸ್ ಮೇಲೆ ಬರೀತಿರೋದು ಏನು?

ಬಹಳ ಜನ ತಲೆ ಕೆಡಿಸಿಕೊಂಡ ಪ್ರಶ್ನೆ. ಮೊದಲ ಉತ್ತರ: ದೊರೆ ರಾಣಿ ನಾವು ನಿಂತ ಜಾಗದಲ್ಲಿ ನಿಂತಿದ್ದಾರೆ, ಅವರನ್ನು ಬರೆಯುತ್ತಿದ್ದಾನೆ, ಕನ್ನಡಿಯಲ್ಲಿ ಕಾಣುವುದು ಅವರೇ. ಎರಡನೆಯದು: ಕನ್ನಡಿಯಲ್ಲಿ ಕಾಣುವುದು ಅವರಲ್ಲ, ಕ್ಯಾನ್ವಾಸಿನ ಮೇಲಿರುವ ಅವರ ಚಿತ್ರ. ಮೂರನೆಯದು: ಅವನು ಬರೆಯುತ್ತಿರುವುದು ಇದೇ ಚಿತ್ರವನ್ನು, ದೊರೆ ರಾಣಿ ಸುಮ್ನೆ ಮಗಳನ್ನು ನೋಡಲು ಒಳಗೆ ಬಂದಿದ್ದಾರೆ.

ಕೋಣೆಯ ಗೋಡೆ, ಛಾವಣಿಗಳ ಅಂಚಿನ ಗೆರೆಗಳನ್ನೆಲ್ಲ ಹಿಂದಕ್ಕೆ ಎಳೆದು ನೋಡಿದರೆ ಅವು ಕೂಡುವುದು ಕನ್ನಡಿಯಲ್ಲಲ್ಲ, ಬಾಗಿಲಲ್ಲಿ ನಿಂತ ನಿಯೆತೊನ ಕೈಯ ಹತ್ತಿರ. ಅಂದರೆ ನಾವು ನೋಡುತ್ತಿರುವುದು ಕನ್ನಡಿಯ ನೇರ ಎದುರಿನಿಂದಲ್ಲ, ಅದರಲ್ಲಿ ಕಾಣಬೇಕಾದ್ದು ಕ್ಯಾನ್ವಾಸು. ಆದ್ದರಿಂದ ಲೆಕ್ಕದ ಪ್ರಕಾರ ಎರಡನೇ ಉತ್ತರಕ್ಕೆ ಬಲ ಇದೆ. ನನ್ನ ಮನಸ್ಸು ಮಾತ್ರ ಮೂರನೆಯದರ ಕಡೆಗೇ. ಯಾಕೆಂದರೆ ಎಲ್ಲರ ತಲೆಯೂ ಆಗಷ್ಟೇ ತಿರುಗಿದ ಹಾಗಿದೆ: ಮಾರ್ಗರಿತಾಳ ಕಣ್ಣು ನಮ್ಮ ಕಡೆ ಬಂದಿದೆ, ಮುಖ ಇನ್ನೂ ಪೂರ್ತಿ ಬಂದಿಲ್ಲ. ಇಸಬೆಲ್ ನಮಸ್ಕರಿಸಲು ಬಾಗುತ್ತಿದ್ದಾಳೆ. ನಿಕೊಲಾಸಿತೊಗೆ ಇನ್ನೂ ಗೊತ್ತೇ ಆಗಿಲ್ಲ. ಬಾಗಿಲಲ್ಲಿ ಯಾರೋ ಬಂದಾಗ ಮನೆಯಲ್ಲಿ ಹೀಗೇ ಆಗುವುದಲ್ವಾ?

ಅವನ ಎದೆ ಮೇಲಿನ ಕೆಂಪು ಗುರುತು ಏನು?

ಸಾಂತಿಯಾಗೊ ಯೋಧ ಪಂಗಡದ ಶಿಲುಬೆ. ಅದನ್ನು ಧರಿಸಬೇಕಾದರೆ ಮನೆತನ ಕುಲೀನವಾಗಿರಬೇಕು, ಪೂರ್ವಜರಲ್ಲಿ ಯಹೂದಿ, ಮುಸ್ಲಿಂ ರಕ್ತ ಇರಬಾರದು, ಕೈಕೆಲಸ ಮಾಡಿ ಬದುಕಿದವನಾಗಿರಬಾರದು. ಚಿತ್ರ ಬರೆಯುವುದೂ ಕೈಕೆಲಸವೇ ಅಂತ ವಾದ. 1658ರಲ್ಲಿ ದೊರೆ ಅವನ ಹೆಸರು ಸೂಚಿಸಿದ ಮೇಲೆ 148 ಸಾಕ್ಷಿಗಳ ವಿಚಾರಣೆ ನಡೆಯಿತು. ಚಿತ್ರಕಾರರಾದ ಸುರ್ಬರಾನ್, ಅಲೊನ್ಸೊ ಕಾನೊ ಇಬ್ಬರೂ ಬಂದು ಅವನ ಪರ ಹೇಳಿದರು. ಚಿತ್ರ ಮಾರಿ ಬದುಕಿದವನಲ್ಲ, ದೊರೆಯ ಸಂತೋಷಕ್ಕೆ ಬರೆದವನು ಅನ್ನುವ ಹಾಗೆ ಮಾತು ಕಟ್ಟಬೇಕಾಯಿತು. ಇಷ್ಟಾದರೂ ಮನೆತನದ ವಿಷಯದಲ್ಲಿ ಸಮಿತಿ ಒಪ್ಪಲಿಲ್ಲ. ಕೊನೆಗೆ ಪೋಪ್‌ನಿಂದ ವಿನಾಯಿತಿ ತರಿಸಿ, 1659ರ ನವೆಂಬರ್ 28ಕ್ಕೆ ಕೊಟ್ಟರು. ಚಿತ್ರ ಬರೆದದ್ದು 1656ರಲ್ಲಿ, ಆದ್ದರಿಂದ ಶಿಲುಬೆ ಆಮೇಲೆ ಸೇರಿದ್ದು. ದೊರೆಯೇ ಬ್ರಷ್ ಹಿಡಿದು ಬರೆದ ಅನ್ನುವುದು ಕಥೆ.

ಆ ಪುಟ್ಟ ಹುಡುಗಿ ಮುಂದೆ ಏನಾದಳು?

ನೋವಿನ ಕಥೆ. ಅವಳ ಅಮ್ಮ ಮರಿಯಾನಾ, ದೊರೆಯ ಸ್ವಂತ ತಂಗಿಯ ಮಗಳು. ಮೊದಲು ಮರಿಯಾನಾಳನ್ನು ನಿಶ್ಚಯ ಮಾಡಿದ್ದು ಯುವರಾಜನಿಗೆ, ಅವನು ಸತ್ತ ಮೇಲೆ ಸೋದರಮಾವ ಫಿಲಿಪ್‌ನೇ ಅವಳನ್ನು ಮದುವೆಯಾದ. ಮಾರ್ಗರಿತಾಳನ್ನೂ ಅವಳ ಸೋದರಮಾವನಿಗೇ, ವಿಯೆನ್ನಾದ ಚಕ್ರವರ್ತಿ ಲಿಯೊಪೋಲ್ಡ್‌ಗೆ, ಗೊತ್ತು ಮಾಡಿದ್ದರು. ಹುಡುಗಿ ಹೇಗೆ ಬೆಳೆಯುತ್ತಿದ್ದಾಳೆ ಅಂತ ತೋರಿಸಲು ವೆಲಾಸ್ಕೆಸ್ ಬರೆದ ಚಿತ್ರಗಳು ವಿಯೆನ್ನಾಕ್ಕೆ ಹೋದವು. ಅದಕ್ಕೇ ಗುಲಾಬಿ, ಬೆಳ್ಳಿ, ನೀಲಿ ಲಂಗದ ಮಾರ್ಗರಿತಾ ಇವತ್ತೂ ಅಲ್ಲಿದ್ದಾಳೆ. 1666ರಲ್ಲಿ ಮದುವೆ, 1673ರಲ್ಲಿ ಸಾವು, 21 ವರ್ಷಕ್ಕೆ.

## ಇನ್ನೂ ಹತ್ತಿರದಿಂದ

ಹತ್ತಿರ ಹೋದ್ರೆ ಬರೀ ಬಣ್ಣದ ಗೀಚು ಕಾಣುತ್ತೆ, ದೂರದಿಂದ ಎಲ್ಲ ಸರಿ ಕಾಣುತ್ತೆ. ಹೇಗೆ ಮಾಡಿದ?

ಪ್ರಾಡೊದಲ್ಲಿ ನಾನು ಮಾರ್ಗರಿತಾಳ ತೋಳಿನ ಕಡೆ ಹೆಜ್ಜೆ ಹೆಜ್ಜೆಯಾಗಿ ಹೋಗಿದ್ದೆ. ದೂರದಲ್ಲಿ ಬೆಳ್ಳಿ ಜರಿಯ ಕಸೂತಿ, ಮಡಿಕೆ, ಹೊಳಪು ಎಲ್ಲ ಇತ್ತು. ಮೂರು ಹೆಜ್ಜೆ ಮುಂದಿಟ್ಟೆ, ಕಸೂತಿ ಕರಗಿ ಬೂದಿ, ಬಿಳಿ, ಕಪ್ಪು ಎಳೆತಗಳಾದವು. ಎದೆಯ ಮೇಲಿನ ಹೂವು ನಾಲ್ಕಾರು ಕೆಂಪು ಹಚ್ಚು ಅಷ್ಟೇ. ಹಿಂದೆ ಸರಿದೆ, ಹೂವು ಮತ್ತೆ ಅರಳಿತು.

ಗುಟ್ಟು ಒಂದಲ್ಲ. ಉದ್ದ ಹಿಡಿಯ ಬ್ರಷ್ ಬಳಸುತ್ತಿದ್ದ ಅಂತ ಹಳೆಯ ಜೀವನಚರಿತ್ರೆಕಾರ ಪಲೊಮಿನೊ ಹೇಳುತ್ತಾನೆ, ಅಂದರೆ ಬರೆಯುವಾಗಲೇ ದೂರ ನಿಂತು ನೋಡುತ್ತಿದ್ದ. ಸೆವಿಲ್‌ನಲ್ಲಿ ಕ್ಯಾನ್ವಾಸಿಗೆ ಕಂದು ಅಡಿಬಣ್ಣ ಬಳಿಯುತ್ತಿದ್ದವನು ಆಮೇಲೆ ತಿಳಿ ಬೂದಿಗೆ ಬಂದ, ಮೇಲಿನ ಬಣ್ಣ ತೆಳ್ಳಗಾದಷ್ಟೂ ಒಳಗಿನ ಬೆಳಕು ಇಣುಕುತ್ತದೆ. ಬಣ್ಣ ತಿಳಿಯಾಗಲಿ ಅಂತ ಕ್ಯಾಲ್ಸೈಟ್ ಕಲ್ಲಿನ ಪುಡಿಯನ್ನೂ ಬೆರೆಸುತ್ತಿದ್ದ. ಬಳಸಿದ ಬಣ್ಣಗಳು ಎಲ್ಲರ ಹತ್ತಿರ ಇದ್ದವೇ. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿದ್ದದ್ದು ಅವನಿಗೆ.

ದೊರೆಯ ಕುದುರೆಗೆ ಕಾಲು ಜಾಸ್ತಿ ಇರೋ ಹಾಗೆ ಕಾಣುತ್ತಲ್ಲ?

ಸರಿಯಾಗಿಯೇ ನೋಡಿದ್ದೀರಿ. ಅವನು ಕ್ಯಾನ್ವಾಸಿನ ಮೇಲೇ ತಿದ್ದುತ್ತಿದ್ದ. ಹಳೆಯ ಎಣ್ಣೆಬಣ್ಣ ವರ್ಷ ಕಳೆದಂತೆ ಪಾರದರ್ಶಕ ಆಗುತ್ತದೆ, ಮುಚ್ಚಿದ ಗೆರೆ ಮೇಲೆ ಬರುತ್ತದೆ. ಕುದುರೆ ಏರಿದ ಫಿಲಿಪ್‌ನ ಚಿತ್ರದಲ್ಲಿ ಹಿಂಗಾಲುಗಳ ಹತ್ತಿರ ಮೊದಲು ಬರೆದ ಕಾಲಿನ ನೆರಳು ಕಾಣುತ್ತದೆ. ನನಗೆ ಇದು ಕಳಂಕ ಅಂತ ಅನ್ನಿಸಿಲ್ಲ, ಅವನು ಯೋಚಿಸಿದ್ದು ಕಾಣುತ್ತದೆ.

‘ನೂಲುವವರು’ ಚಿತ್ರ ಬರೀ ಕಾರ್ಖಾನೆ ಚಿತ್ರಾನಾ, ಒಳಗೆ ಬೇರೆ ಕಥೆ ಇದೆಯಾ?

ಎರಡೂ ಇದೆ. ಮುಂದೆ ಹೆಂಗಸರು ಉಣ್ಣೆ ನೂಲುತ್ತಿದ್ದಾರೆ. ಹಿಂದೆ, ಬೆಳಕಿನ ಚಿಕ್ಕ ವೇದಿಕೆಯಂಥ ಜಾಗದಲ್ಲಿ, ಶಿರಸ್ತ್ರಾಣ ತೊಟ್ಟ ದೇವತೆ ಕೈ ಎತ್ತಿದ್ದಾಳೆ. ಗ್ರೀಕರ ಕಥೆ: ನೇಯುವುದರಲ್ಲಿ ದೇವತೆಗೇ ಸವಾಲು ಹಾಕಿದ ಅರಾಕ್ನೆ ಅನ್ನುವ ಹುಡುಗಿಯನ್ನು ದೇವತೆ ಜೇಡ ಮಾಡಿದಳು. ಹಿಂದೆ ತೂಗಿದ, ಅರಾಕ್ನೆ ನೇಯ್ದ ಪರದೆಯ ಮೇಲಿರುವುದು ಟಿಷಿಯನ್‌ನ ‘ಯುರೋಪಾ’ ಚಿತ್ರ. ಅಂದರೆ ಆ ಹುಡುಗಿ ಟಿಷಿಯನ್‌ನಷ್ಟು ಚೆನ್ನಾಗಿ ನೇಯ್ದಿದ್ದಳು ಅಂದಂತಾಯಿತು. ಎಡಗಡೆಯ ರಾಟೆಯನ್ನು ಮಾತ್ರ ಬಿಡದೆ ನೋಡಿ. ಅರೆಕಾಲುಗಳೇ ಇಲ್ಲ, ಬರೀ ಮಿನುಗುವ ಮಬ್ಬು ಚಕ್ರ. ವೇಗವಾಗಿ ತಿರುಗುವ ಚಕ್ರ ಕಣ್ಣಿಗೆ ಕಾಣುವುದೇ ಹಾಗೆ. ಛಾಯಾಚಿತ್ರ ಹುಟ್ಟುವುದಕ್ಕೆ ಇನ್ನೂ ಸುಮಾರು 200 ವರ್ಷ ಇತ್ತು.

ಇಷ್ಟು ವರ್ಷ ಬರೆದವನ ಚಿತ್ರಗಳು ಇಷ್ಟು ಕಮ್ಮಿ ಯಾಕೆ?

ಉಳಿದದ್ದು ಹೆಚ್ಚೆಂದರೆ 120ರ ಆಸುಪಾಸು. ಹುದ್ದೆಗಳು ಹೊತ್ತು ತಿಂದವು, ಅವನ ಸ್ವಭಾವವೂ ನಿಧಾನ. ಅದರ ಮೇಲೆ ಬೆಂಕಿ. 1734ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಮ್ಯಾಡ್ರಿಡ್‌ನ ಅಲ್ಕಾಸರ್ ಅರಮನೆ ಹೊತ್ತಿ ನೂರಾರು ಚಿತ್ರ ಹೋದವು. 1627ರಲ್ಲಿ ಅರಮನೆಯ ಚಿತ್ರಕಾರರ ನಡುವಿನ ಸ್ಪರ್ಧೆಯಲ್ಲಿ ಅವನಿಗೆ ಗೆಲುವು ತಂದ, ಮೊರಿಸ್ಕೊ ಜನರನ್ನು (ಕ್ರೈಸ್ತರಾಗಿ ಮತಾಂತರವಾದ ಮುಸ್ಲಿಮರ ವಂಶದವರು) ದೇಶದಿಂದ ಹೊರಹಾಕಿದ್ದನ್ನು ತೋರಿಸುವ ಚಿತ್ರವೂ ಈಗ ಇಲ್ಲ. ‘ಲಾಸ್ ಮೆನಿನಾಸ್’ ಹೇಗೋ ಉಳಿಯಿತು, ಮಾರ್ಗರಿತಾಳ ಎಡ ಕೆನ್ನೆಯನ್ನು ಆಮೇಲೆ ತಿದ್ದಬೇಕಾಯಿತು. ಸ್ಪೇನ್ ಅಂತರ್ಯುದ್ಧದಲ್ಲಿ ಅದನ್ನು ಮ್ಯಾಡ್ರಿಡ್‌ನಿಂದ ವಲೆನ್ಸಿಯಾಕ್ಕೆ, ಅಲ್ಲಿಂದ ಮುಂದೆ ಜಿನೀವಾಕ್ಕೆ ಸಾಗಿಸಿ 1939ರಲ್ಲಿ ವಾಪಸ್ ತಂದರು.

ಅವನ ಪ್ರಭಾವ ಯಾರ ಮೇಲೆ ಆಯ್ತು?

ಸ್ಪೇನಿನ ಚಿತ್ರಕಾರ ಗೋಯಾ 1778ರಲ್ಲಿ ಅವನ ಚಿತ್ರಗಳನ್ನು ತಾಮ್ರದ ತಗಡಿನ ಮೇಲೆ ಕೊರೆದು ಕಲಿತ, 1800ರಲ್ಲಿ ನಾಲ್ಕನೇ ಕಾರ್ಲೊಸ್‌ನ ಕುಟುಂಬವನ್ನು ಬರೆಯುವಾಗ ಹಿಂದೆ ಕ್ಯಾನ್ವಾಸ್ ಮುಂದೆ ತಾನೂ ನಿಂತ. 1865ರಲ್ಲಿ ಮ್ಯಾಡ್ರಿಡ್‌ಗೆ ಬಂದ ಫ್ರೆಂಚ್ ಚಿತ್ರಕಾರ ಮಾನೆ ಇವನನ್ನು ‘ಚಿತ್ರಕಾರರ ಚಿತ್ರಕಾರ’ ಅಂದ. ವೆಲಾಸ್ಕೆಸ್ ಬರೆದ ವಿದೂಷಕ ಪಾಬ್ಲೊನ ಚಿತ್ರದಲ್ಲಿ ನೆಲ, ಗೋಡೆ ಯಾವುದೂ ಇಲ್ಲ, ಬರೀ ಗಾಳಿ ಇದೆ ಅಂತ ಬೆರಗಾದ. ಮಾರನೇ ವರ್ಷ ಅವನು ಬರೆದ ಕೊಳಲು ಊದುವ ಹುಡುಗನ ಹಿಂದೆಯೂ ಗೋಡೆ ಇಲ್ಲ. 1957ರಲ್ಲಿ ಪಿಕಾಸೊ ‘ಮೆನಿನಾಸ್’ ಹಿಡಿದು ಕೂತು ತಿಂಗಳುಗಟ್ಟಲೆ ಹತ್ತಾರು ರೂಪದಲ್ಲಿ ಅದನ್ನೇ ಬರೆದ, ಅವೆಲ್ಲ ಬಾರ್ಸಿಲೋನಾದಲ್ಲಿವೆ. ಇಪ್ಪತ್ತನೇ ಶತಮಾನದ ಚಿತ್ರಕಾರ ಫ್ರಾನ್ಸಿಸ್ ಬೇಕನ್ ಆ ಪೋಪ್‌ ಇನೊಸೆಂಟ್‌ನನ್ನು ಕಿರುಚುವ ಹಾಗೆ ಮತ್ತೆ ಮತ್ತೆ ಬರೆದ.

ಕೊನೆಗಾಲ ಹೇಗಿತ್ತು? ಸಮಾಧಿ ಎಲ್ಲಿದೆ?

1660ರಲ್ಲಿ ದೊರೆಯ ಇನ್ನೊಬ್ಬ ಮಗಳು ಮರಿಯಾ ತೆರೇಸಾಳನ್ನು ಫ್ರಾನ್ಸಿನ ಹದಿನಾಲ್ಕನೇ ಲೂಯಿಗೆ ಕೊಟ್ಟರು. ಎರಡು ದೇಶದ ಗಡಿಯ ಬಿದಾಸೋವಾ ನದಿಯ ನಡುವಿನ ಪುಟ್ಟ ದ್ವೀಪದಲ್ಲಿ ಹಸ್ತಾಂತರ. ದಾರಿಯ ವಸತಿ, ಅಲ್ಲಿನ ಅಲಂಕಾರ ಎಲ್ಲ ವೆಲಾಸ್ಕೆಸ್‌ನ ಹೊಣೆ. ದಣಿದು ಜೂನ್ ಕೊನೆಗೆ ಮನೆಗೆ ಬಂದ. ಜುಲೈ 31ಕ್ಕೆ ಜ್ವರ ಹಿಡಿಯಿತು, ಆಗಸ್ಟ್ 6ಕ್ಕೆ ಹೋದ. ಎಂಟು ದಿನಕ್ಕೆ ಹೆಂಡತಿ ಹುವಾನಾಳೂ ತೀರಿಕೊಂಡಳು. ಅವನ ಹುದ್ದೆಯ ಲೆಕ್ಕಪತ್ರದ ತಕರಾರಿನಿಂದ ಆಸ್ತಿ ಜಪ್ತಿಯಲ್ಲಿತ್ತು, ಚುಕ್ತಾ ಆಗಲು ವರ್ಷಗಳೇ ಹಿಡಿದವು. ಇಬ್ಬರನ್ನೂ ಹೂಳಿದ ಸ್ಯಾನ್ ಹುವಾನ್ ಚರ್ಚನ್ನು ನೆಪೋಲಿಯನ್ ಕಾಲದಲ್ಲಿ ಕೆಡವಿದರು. ಆ ಜಾಗ ಈಗ ರಾಮಾಲೆಸ್ ಚೌಕ. 1999ರ ಹೊತ್ತಿಗೆ ಅಗೆದು ಹುಡುಕಿದರು, ಸಿಗಲಿಲ್ಲ.

ಮ್ಯಾಡ್ರಿಡ್‌ಗೆ ಹೋಗೋಕೆ ಆಗಲ್ಲ. ಫೋನಲ್ಲಿ ನೋಡಿದ್ರೆ ಸಾಕಾ? ಹೋಗೋದಾದ್ರೆ ಹೇಗೆ ನೋಡಲಿ?

ಫೋನಿಗಿಂತ ದೊಡ್ಡ ಪರದೆ ಒಳ್ಳೆಯದು. ಪ್ರಾಡೊ ಮ್ಯೂಸಿಯಂನವರೇ ತಮ್ಮ ಜಾಲತಾಣದಲ್ಲಿ ಸ್ಪಷ್ಟವಾದ ಚಿತ್ರಗಳನ್ನು ಇಟ್ಟಿದ್ದಾರೆ. ಮೊದಲು ಪೂರ್ತಿ ಚಿತ್ರ ಎರಡು ನಿಮಿಷ ನೋಡಿ, ಆಮೇಲೆ ಹಿಗ್ಗಿಸಿ ಒಂದೇ ಒಂದು ಚೂರನ್ನು ಆರಿಸಿಕೊಳ್ಳಿ: ಆ ಕೆಂಪು ಕುಡಿಕೆ, ಮೊಟ್ಟೆಯ ಅಂಚು, ಪಾರೇಹಾನ ಕಾಲರು, ಯಾವುದಾದರೂ. ಮತ್ತೆ ಕುಗ್ಗಿಸಿ. ನಾಲ್ಕು ಸಲ ಹೀಗೆ ಮಾಡಿದರೆ ನಾನು ಮೇಲೆ ಹೇಳಿದ್ದು ಕಣ್ಣಿಗೇ ಗೊತ್ತಾಗುತ್ತದೆ.

ಹೋಗುವುದಾದರೆ, ಅವನ ಸುಮಾರು 50 ಚಿತ್ರಗಳು ಪ್ರಾಡೊ ಒಂದರಲ್ಲೇ ಇವೆ, ‘ಲಾಸ್ ಮೆನಿನಾಸ್’ 12ನೇ ಕೋಣೆಯಲ್ಲಿದೆ. ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ, ಅದು ಒಳ್ಳೆಯದೇ, ಜನ ಚಿತ್ರವನ್ನೇ ನೋಡುತ್ತಾರೆ. ಮುಚ್ಚುವ ಮುಂಚಿನ ಎರಡು ಗಂಟೆ ಉಚಿತ, ಆದರೆ ಸಾಲು ಉದ್ದ ಇರುತ್ತದೆ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ಬೇರೆಲ್ಲ ಬಿಟ್ಟು ನೇರ ಆ ಕೋಣೆಗೆ ನಡೆಯಿರಿ. ಜನ ಸೇರುವ ಮುಂಚಿನ ಹತ್ತು ನಿಮಿಷ, ಬಾಗಿಲಲ್ಲಿ ನಿಂತ ನಿಯೆತೊಗೆ ನೇರ ಎದುರಾಗಿ, ದೊರೆ ರಾಣಿ ನಿಂತಿರಬೇಕಾದ ಜಾಗದಲ್ಲಿ ನಿಂತುಕೊಳ್ಳಿ.